ತುರ್ತಾಗಿ ಪದ ಬೇಕು: ಧೂಮಕೇತುವಿನ ಪಕ್ಕಕ್ಕೆ ಕಣ್ಣಿಟ್ಟು ಅದನ್ನೇ ಕಾಣುವುದಕ್ಕೆ

ಜಯನಗರದಿಂದ, 20 ಅಕ್ಟೋಬರ್ 2024

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಈ ವಾರ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತುವನ್ನು ಬೈನಾಕ್ಯುಲರಿನಲ್ಲಿ ತೋರಿಸುವ ಏರ್ಪಾಡಿದೆ. ಗೋಡೆಗೊಂದು ಕನ್ನಡ ಫಲಕ ಹಾಕಬೇಕು, ನಾಳೆ ಬೆಳಿಗ್ಗೆ 10ಕ್ಕೆ ಮುದ್ರಣಕ್ಕೆ ಕೊಡಬೇಕು. ಮಸುಕಾದ ವಸ್ತುವನ್ನು ನೆಟ್ಟಗೆ ನೋಡದೆ, ಕಣ್ಣನ್ನು ತುಸು ಪಕ್ಕಕ್ಕಿಟ್ಟು ಕಾಣುವ ಉಪಾಯಕ್ಕೆ ಪದ ಬೇಕು. ಇಂಗ್ಲಿಷಿನಲ್ಲಿ ‘ಅವರ್ಟೆಡ್ ವಿಷನ್’. ಕರಡಿನಲ್ಲಿ ‘ಪರೋಕ್ಷ ದೃಷ್ಟಿ’ ಎಂದಿದೆ, ಒಪ್ಪಿಗೆಯಾಗಿಲ್ಲ. ‘ಓರೆಗಣ್ಣು’ ನಡೆದೀತೆ?

ಮಲ್ಲೇಶ್ವರದಿಂದ

‘ಪರೋಕ್ಷ’ ಕೂಡದು. ಅಕ್ಷಿಗೆ ಆಚೆಯದು ಪರೋಕ್ಷ, ಅಂದರೆ ಕಣ್ಣಿಗೆ ಬೀಳದ್ದು. ಕಾಣಿಸುವ ಉಪಾಯಕ್ಕೆ ಕಾಣದ್ದೆಂದು ಹೆಸರಿಡುವುದೆ? ‘ಓರೆಗಣ್ಣು’ ಎಂದರೆ ಓದುವವರು ಮೆಳ್ಳೆಗಣ್ಣು ಅಂದುಕೊಳ್ಳುತ್ತಾರೆ. ‘ಕುಡಿನೋಟ’ ಶೃಂಗಾರಕ್ಕೆ ಹೋಗುತ್ತದೆ. ಬರೆಯಬೇಕಾದ್ದು ‘ಕಡೆಗಣ್ಣ ನೋಟ’. ‘ಕಡೆಗಣಿಸು’ ಹುಟ್ಟಿದ್ದೂ ಇದೇ ಕಡೆಗಣ್ಣಿನಿಂದ. ನೇರ ನೋಡದೆ ಕಣ್ಣಂಚಿನಲ್ಲಿ ದಾಟಿಸಿಬಿಡುವುದು.

ಬಸವನಗುಡಿಯಿಂದ

ಕಡೆ + ಗಣಿಸು. ಕಣ್ಣಿಗೂ ಅದಕ್ಕೂ ನಂಟಿಲ್ಲ.

ಅದಿರಲಿ, ಪಲಕದ ಉಳಿದ ಪದಗಳನ್ನು ಮೊದಲು ತಿದ್ದಿ. ‘ದೂಮಕೇತು’ ಎಂದರೆ ಹೊಗೆಯ ಬಾವುಟ. ಅಲ್ಲಿ ಹೊಗೆಯೂ ಇಲ್ಲ, ಬಾವುಟವೂ ಇಲ್ಲ. ಮಕ್ಕಳಿಗೂ ತಿಳಿಯುವ ‘ಬಾಲಚುಕ್ಕಿ’ ಇದೆ. ‘ಬಯ್ನಾಕ್ಯುಲರ್’ ಯಾಕೆ? ಮೂರು ಕಣ್ಣಿನವನು ಮುಕ್ಕಣ್ಣ, ಎರಡು ಬದಿ ಇಕ್ಕೆಲ, ಹಾಗೆಯೇ ‘ಇಕ್ಕಣ್ಣು’. ಕನ್ನಡ ಬಾಶೆಗೆ ಪದ ಕಟ್ಟುವ ಕಸುವಿದೆ, ನಾವೇ ಬಳಸುತ್ತಿಲ್ಲ.

ಮಲ್ಲೇಶ್ವರದಿಂದ

ಮಹಾಪ್ರಾಣ ತೆಗೆದರೆ ಪದ ಕನ್ನಡವಾಗುವುದಿಲ್ಲ. ಎರವಲು ಅಷ್ಟು ಮೈಲಿಗೆಯಾದರೆ ‘ದುರ್ಬೀನು’ ಏನು ಮಾಡುತ್ತೀರಿ? ಪಾರಸಿಯಲ್ಲಿ ‘ದೂರ್’ ದೂರ, ‘ಬೀನ್’ ನೋಡುವುದು. ‘ದುರ್ಬೀನು ಹಾಕಿ ಹುಡುಕಿದರೂ ಸಿಗದು’ ಎಂದು ಹಳ್ಳಿಯಲ್ಲೂ ಅನ್ನುತ್ತಾರೆ. ಮನೆಯ ಮಾತಾಗಿರುವುದನ್ನು ಹೊರಗಟ್ಟಿ, ಯಾರೂ ಕೇಳಿರದ ‘ಇಕ್ಕಣ್ಣು’ ತರಬೇಕೆ?

ಕೋರಮಂಗಲದಿಂದ

ಫಲಕ ಓದಿದವರು ಏನು ಮಾಡುತ್ತಾರೆ ಎಂಬುದನ್ನು ನೋಡಿ ಪದ ಆರಿಸಿ.

‘ಬಾಲಚುಕ್ಕಿ’ ಇಲ್ಲಿ ದಾರಿ ತಪ್ಪಿಸುತ್ತದೆ. ಧೂಮಕೇತುವಿನ ಗುರುತೇ ಅದು ಚುಕ್ಕಿಯಂತೆ ಕಾಣದಿರುವುದು. ಬೈನಾಕ್ಯುಲರಿನಲ್ಲಿ ನಕ್ಷತ್ರ ಚೂಪಾದ ಬಿಂದು, ಇದು ಅಂಚಿಲ್ಲದ ಬೂದು ಮಬ್ಬು. ಬೆಂಗಳೂರಿನ ಬೀದಿದೀಪಗಳ ಬೆಳಕಿನಲ್ಲಿ ಬಾಲದ ಬಹುಪಾಲು ಅಳಿಸಿಹೋಗುತ್ತದೆ. ಬಾಲ ಹುಡುಕುವವರು ಎದುರಿಗಿರುವ ತಲೆಯನ್ನೇ ದಾಟಿ ಮುಂದೆ ಹೋಗುತ್ತಾರೆ. ‘ಧೂಮಕೇತು’ ಉಳಿಯಲಿ, ಕೆಳಗೆ ‘ಮಸುಕಾದ ಹತ್ತಿಯುಂಡೆಯಂತೆ ಕಾಣುತ್ತದೆ’ ಎಂದು ಸೇರಿಸಿ. ಪತ್ರಿಕೆಯ ಹೊಳಪಿನ ಅಂಕಿಯನ್ನು ಹಾಕಬೇಡಿ. ಅದು ಇಡೀ ಹರವಿನ ಬೆಳಕನ್ನು ಒಟ್ಟುಗೂಡಿಸಿದ ಲೆಕ್ಕ. ಅದೇ ಅಂಕಿಯ ನಕ್ಷತ್ರ ಸಲೀಸಾಗಿ ಕಂಡರೂ ಧೂಮಕೇತು ಕಾಣದೆ ಹೋಗಬಹುದು.

ಇನ್ನು ಕೇಳಿದ ಪದ. ‘ಓರೆ’, ‘ವಾರೆ’ ಎಂದರೆ ಜನ ತಲೆ ವಾಲಿಸುತ್ತಾರೆ, ಇಲ್ಲವೇ ಬೈನಾಕ್ಯುಲರನ್ನೇ ತಿರುಗಿಸುತ್ತಾರೆ. ಎರಡೂ ತಪ್ಪು. ಧೂಮಕೇತು ಬೈನಾಕ್ಯುಲರಿನಲ್ಲಿ ಕಾಣುವ ವೃತ್ತದ ನಡುವೆಯೇ ಇರಬೇಕು, ಕಣ್ಣುಗುಡ್ಡೆ ಮಾತ್ರ ಹೊರಳಬೇಕು. ಮಬ್ಬು ಬೆಳಕಿಗೆ ಸ್ಪಂದಿಸುವ ರಾಡ್ ಕೋಶಗಳು ಕಣ್ಣಿನ ಒಳಪರದೆಯಾದ ರೆಟಿನಾದ ನಟ್ಟನಡುವೆ ಇಲ್ಲ, ಸುತ್ತ ಇವೆ. ನೆಟ್ಟಗೆ ನೋಡಿದಾಗ ಮಬ್ಬು ಮಾಯವಾಗುವುದು ಅದಕ್ಕೇ. ಕಣ್ಣನ್ನು ಮೇಲಕ್ಕೆ ಸರಿಸುವುದು ಒಳ್ಳೆಯದು. ಎಡಕ್ಕೋ ಬಲಕ್ಕೋ ಹೆಚ್ಚು ಹೊರಳಿಸಿದರೆ ಅದರ ಬಿಂಬ ಒಂದು ಕಣ್ಣಿನ ಕುರುಡುಚುಕ್ಕೆಯ, ಅಂದರೆ ಏನೂ ಕಾಣದ ಜಾಗದ, ಮೇಲೆ ಬೀಳಬಹುದು. ಎಷ್ಟು ಸರಿಸಬೇಕು? 10×50 ಬೈನಾಕ್ಯುಲರಿನಲ್ಲಿ (10 ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ್ದು) ಸುಮಾರು ಆರೂವರೆ ಡಿಗ್ರಿ ಆಕಾಶ ಕಾಣುತ್ತದೆ. ನಡುವಿನಿಂದ ಅಂಚಿನವರೆಗಿನ ದೂರದಲ್ಲಿ ಮೂರನೇ ಒಂದು ಪಾಲು ಸಾಕು.

ಹಾಗಾಗಿ ‘ಕಡೆಗಣ್ಣು’ ಆದೀತು, ಕಣ್ಣಿನದೇ ಚಲನೆ ಅದರಲ್ಲಿದೆ. ಆದರೆ ಪದವೊಂದನ್ನೇ ಬರೆದರೆ ಜನ ಅಂಚಿನತನಕ ಕಣ್ಣು ಎಳೆದುಬಿಡುತ್ತಾರೆ. ವಾಕ್ಯವನ್ನೇ ಹಾಕಿ: ‘ಬೈನಾಕ್ಯುಲರ್ ಅಲುಗಿಸದೆ, ಧೂಮಕೇತುವಿನ ತುಸು ಮೇಲಕ್ಕೆ ಕಣ್ಣು ನೆಡಿ, ಕಡೆಗಣ್ಣಿಗೆ ಅದು ಕಾಣುತ್ತದೆ.’

ಬಸವನಗುಡಿಯಿಂದ

ಹತ್ತಿಯುಂಡೆ ಒಳ್ಳೆಯ ಕನ್ನಡ. ‘ಬಯ್ನಾಕ್ಯುಲರ್’ ಒಪ್ಪುವುದಿಲ್ಲ. ಹೆಸರನ್ನೂ ಕನ್ನಡಿಸಿ: ತ್ಸುಚಿನ್‌ಶಾನ್ ಎಂದರೆ ಚೀನದ ನೇರಳೆ ಬೆಟ್ಟ, ಅಲ್ಲಿನ ವೀಕ್ಶಣಾಲಯದ ಹೆಸರು.

ಮಲ್ಲೇಶ್ವರದಿಂದ

ಅಂಕಿತನಾಮವನ್ನು ಅನುವಾದಿಸುವುದಿಲ್ಲ. 1949ರ ಬಪ್ಪು–ಬಾಕ್–ನ್ಯೂಕರ್ಕ್ ಧೂಮಕೇತುವಿನಲ್ಲಿ ನಮ್ಮ ಖಗೋಳ ವಿಜ್ಞಾನಿ ವೇಣು ಬಪ್ಪು ಅವರ ಹೆಸರಿದೆ. ಅದನ್ನು ಚೀನದವರು ತಮ್ಮ ಮಾತಿಗೆ ತಿರುಗಿಸಿದರೆ ಒಪ್ಪುತ್ತೀರಾ? ‘ಕಡೆಗಣಿಸು’ ವಿಷಯ ನಾನು ಬಿಟ್ಟಿಲ್ಲ. ‘ಗಣಿಸು’ ಸಂಸ್ಕೃತದ್ದು, ‘ಕಡೆ’ ಕನ್ನಡದ್ದು. ಆ ಬೆಸುಗೆಯನ್ನು ಕನ್ನಡ ಶುದ್ಧಿಯ ಪ್ರತಿಪಾದಕರೇ ಎತ್ತಿಹಿಡಿಯುತ್ತಿದ್ದಾರೆ.

ಬಸವನಗುಡಿಯಿಂದ

ಹುಟ್ಟು ಹೇಗಿದೆಯೋ ಹಾಗೆ ಹೇಳಿದ್ದೇನೆ. ಶುದ್ದಿಗಾಗಿ ಹುಟ್ಟನ್ನು ತಿರುಚುವುದಿಲ್ಲ.

ಜಯನಗರದಿಂದ

ಮೂವರಿಗೂ ವಂದನೆ. ‘ಕಡೆಗಣ್ಣು’ ಮತ್ತು ಆ ವಾಕ್ಯ ತೆಗೆದುಕೊಂಡೆ. ‘ಬೈನಾಕ್ಯುಲರ್’ ಉಳಿಸುತ್ತಿದ್ದೇನೆ, ಅಂಗಡಿಯಲ್ಲಿ, ಡಬ್ಬಿಯ ಮೇಲೆ, ಮಕ್ಕಳ ಬಾಯಲ್ಲಿ ಅದೇ ಇದೆ. ಎರಡು ಕಣ್ಣಿಗೂ ಸರಿಹೊಂದಿಸುವ ಕ್ರಮ, ಸಮಯ, ದಿಕ್ಕು ಇವನ್ನು ಹೇಗೆ ಬರೆಯಲಿ? ಮುದ್ರಣದವರು ಬಿಳಿ ಹಲಗೆಯ ಮೇಲೆ ಕೆಂಪು ಅಕ್ಷರ ಚೆನ್ನ ಎನ್ನುತ್ತಿದ್ದಾರೆ.

ಕೋರಮಂಗಲದಿಂದ

ಕ್ರಮ: ಮೊದಲು ಎರಡು ಕೊಳವೆಯನ್ನು ಮಡಿಸಿ ಬಿಡಿಸಿ, ಎರಡು ವೃತ್ತ ಒಂದಾಗುವಂತೆ ಮಾಡಿಕೊಳ್ಳಲಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ, ಎಡಗಣ್ಣಿಗೆ ಒಂದು ನಕ್ಷತ್ರ ಚೂಪಾದ ಬಿಂದುವಾಗಬೇಕು. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಬಳೆಯನ್ನಷ್ಟೇ ತಿರುಗಿಸಬೇಕು. ಧೂಮಕೇತುವಿನ ಮೇಲೆ ಫೋಕಸ್ ಮಾಡಲು ಹೋಗಬೇಡಿ. ಅಂಚಿಲ್ಲದ್ದು ಎಂದೂ ಚೂಪಾಗುವುದಿಲ್ಲ. ಮೊಣಕೈ ಗೋಡೆಗೆ ಊರಿರಲಿ. 10 ಪಟ್ಟು ಹಿಗ್ಗಿದಾಗ ಕೈಯ ನಡುಕವೂ 10 ಪಟ್ಟು, ಮಬ್ಬು ವಸ್ತು ಮೊದಲು ಕಳೆದುಹೋಗುವುದು ಆ ನಡುಕದಲ್ಲೇ.

ಸಮಯ: ಹುಣ್ಣಿಮೆ 17ಕ್ಕೆ ಮುಗಿದಿದೆ, ಚಂದ್ರ ದಿನದಿನಕ್ಕೂ ತಡವಾಗಿ ಹುಟ್ಟುತ್ತಾನೆ. 21ರಿಂದ ಸಂಜೆ 7ರಿಂದ 8.30 ಒಳ್ಳೆಯದು. ಪಶ್ಚಿಮದಲ್ಲಿ ಶುಕ್ರನನ್ನು ಗುರುತಿಸಿ, ಅಲ್ಲಿಂದ ಬಲಮೇಲಕ್ಕೆ ನಿಧಾನವಾಗಿ ಸಾಗಬೇಕು. ಶುಕ್ರ ಬೇಗ ಮುಳುಗುವುದರಿಂದ ಮೊದಲೇ ಗುರುತು ಹಿಡಿದುಕೊಳ್ಳಿ. ದಿನ ಕಳೆದಂತೆ ಧೂಮಕೇತು ಮೇಲೇರುತ್ತದೆ, ಮಂಕೂ ಆಗುತ್ತದೆ. ಮೋಡವಿದ್ದರೆ ಕಾಯುತ್ತ ಮೊಬೈಲ್ ತೆಗೆಯದಂತೆ ಹೇಳಿ. ಕಣ್ಣು ಕತ್ತಲಿಗೆ ಒಗ್ಗಲು 20–30 ನಿಮಿಷ ಬೇಕು, ಪರದೆಯ ಬೆಳಕಿಗೆ ಅದು ಕ್ಷಣದಲ್ಲಿ ಹೋಗುತ್ತದೆ.

ಕೆಂಪು ಅಕ್ಷರ ಬೇಡವೇ ಬೇಡ. ಕತ್ತಲಿಗೆ ಒಗ್ಗಿದ ಕಣ್ಣು ಕೆಡದಿರಲೆಂದು ತಾರಸಿಯಲ್ಲಿ ಕೆಂಪು ದೀಪವನ್ನೇ ಬಳಸುತ್ತೀರಿ. ಆ ಬೆಳಕಿನಲ್ಲಿ ಬಿಳಿ ಹಲಗೆಯೂ ಕೆಂಪು ಅಕ್ಷರವೂ ಒಂದೇ ಬಣ್ಣವಾಗಿ ಏನೂ ಓದಲಾಗುವುದಿಲ್ಲ. ಕಪ್ಪಕ್ಷರ, ದಪ್ಪಗೆ.