ಸೆಲ್ಟಿಕ್ಸ್ ಇತಿಹಾಸದಲ್ಲಿ ಮೊದಲ ಸ್ಥಾನ ರಸೆಲ್ ಅವರದೇ? ಹಾಗಾದರೆ ಎರಡನೆಯದು ಯಾರದು?

ಹದಿನೇಳನೆಯ ಪತಾಕೆ (ಪ್ರಶ್ನೆ):
ನಾನು ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಬಾಸ್ಟನ್ ಸೆಲ್ಟಿಕ್ಸ್ ತಂಡದ ಆಟವನ್ನು ಆಸಕ್ತಿಯಿಂದ ನೋಡಲು ತೊಡಗಿದ್ದು 2008ರಲ್ಲಿ. ಪಾಲ್ ಪಿಯರ್ಸ್, ಕೆವಿನ್ ಗಾರ್ನೆಟ್ ಮತ್ತು ರೇ ಅಲೆನ್ ಒಟ್ಟಾಗಿ ಚಾಂಪಿಯನ್ ಪಟ್ಟ ತಂದುಕೊಟ್ಟ ವರ್ಷ ಅದು. ಹೀಗಾಗಿ ತಂಡದ ಸಾರ್ವಕಾಲಿಕ ಶ್ರೇಷ್ಠರ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಪಿಯರ್ಸ್ ಅವರತ್ತ ವಾಲುತ್ತದೆ. ಸೆಲ್ಟಿಕ್ಸ್ ಪರವಾಗಿ ಹದಿನೈದು ಋತುಗಳನ್ನು ಆಡಿ 24,021 ಅಂಕ ಗಳಿಸಿದ ಅವರು, ಹಿರಿಯ ಅಭಿಮಾನಿಗಳ ಪಟ್ಟಿಯಲ್ಲಿ ಮಾತ್ರ ಐದನೆಯವರೋ ಆರನೆಯವರೋ ಆಗಿರುತ್ತಾರೆ.

ಬಿಲ್ ರಸೆಲ್ ಅವರೇ ಮೊದಲಿಗರು ಎಂಬುದು ಚರ್ಚೆಗೆ ಅವಕಾಶವೇ ಇಲ್ಲದ ವಿಷಯ ಎಂಬಂತೆ ಎಲ್ಲರೂ ಮಾತನಾಡುತ್ತಾರೆ. ಆದರೆ ಅವರ ಸರಾಸರಿ ಪಂದ್ಯವೊಂದಕ್ಕೆ 15.1 ಅಂಕ ಮಾತ್ರ. ಅವರು ಆಟ ಆರಂಭಿಸಿದಾಗ ಲೀಗ್‌ನಲ್ಲಿ ಇದ್ದದ್ದು ಎಂಟೇ ತಂಡಗಳು. ಲ್ಯಾರಿ ಬರ್ಡ್ ಅವರ ಸರಾಸರಿಯಾದರೋ 24.3 ಅಂಕ, 10 ರಿಬೌಂಡ್ (ಗುರಿ ತಪ್ಪಿದ ಎಸೆತದ ಚೆಂಡನ್ನು ಹಿಡಿಯುವುದು) ಮತ್ತು 6.3 ಅಸಿಸ್ಟ್ (ಸಹ ಆಟಗಾರನ ಅಂಕಕ್ಕೆ ದಾರಿಮಾಡುವ ಪಾಸ್). ಹೀಗಿರುವಾಗ ಬರ್ಡ್ ಅವರನ್ನು ಕೆಳಗಿಳಿಸಿ ರಸೆಲ್ ಅವರನ್ನು ಮೇಲೆ ಕೂರಿಸಲು ಪಟ್ಟಗಳ ಎಣಿಕೆಯ ಹೊರತು ಬೇರೆ ಕಾರಣಗಳಿವೆಯೇ? ರಸೆಲ್ ಅವರನ್ನು ಒಪ್ಪಿಕೊಂಡರೂ ಅವರ ನಂತರದ ಸ್ಥಾನ ಯಾರಿಗೆ ಸಲ್ಲಬೇಕು?

ಹಳೆಯ ಗಾರ್ಡನ್:
ರಸೆಲ್ ಅವರನ್ನು ಅಂಕಗಳಿಂದ ಅಳೆಯಹೊರಟರೆ ಅವರು ಎಂದಿಗೂ ನಿಮ್ಮ ಕೈಗೆ ಸಿಗುವುದಿಲ್ಲ. ಅವರ ಆಟದ ಜೀವಾಳವಾಗಿದ್ದ, ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆಯುವ ಬ್ಲಾಕ್‌ಗಳನ್ನು ಲೀಗ್ ಅಧಿಕೃತವಾಗಿ ಲೆಕ್ಕವಿಡಲು ಆರಂಭಿಸಿದ್ದೇ 1973-74ರ ಋತುವಿನಲ್ಲಿ, ಅಂದರೆ ಅವರು ನಿವೃತ್ತರಾಗಿ ನಾಲ್ಕು ವರ್ಷಗಳಾದ ಮೇಲೆ. ಲೆಕ್ಕವಿಟ್ಟಿದ್ದರೂ ಅವರ ಬ್ಲಾಕ್‌ನ ಗುಣ ಅಂಕಿಯಲ್ಲಿ ಕಾಣಿಸುತ್ತಿರಲಿಲ್ಲ. ಪ್ರೇಕ್ಷಕರ ಚಪ್ಪಾಳೆಗಾಗಿ ಚೆಂಡನ್ನು ಅಂಗಣದಾಚೆಗೆ ಬಡಿದು ಕಳಿಸುವುದು ಅವರ ರೀತಿಯಾಗಿರಲಿಲ್ಲ. ಅದನ್ನು ಮೆಲ್ಲಗೆ ತಟ್ಟಿ ತಮ್ಮವರ ಕೈಗೆ ಬೀಳುವಂತೆ ಮಾಡುತ್ತಿದ್ದರು. ಎದುರಾಳಿಯ ಎಸೆತ ವಿಫಲವಾಗುವುದರ ಜೊತೆಗೆ ಅದೇ ಕ್ಷಣದಲ್ಲಿ ಬಾಸ್ಟನ್‌ನ ಓಟವೂ ಆರಂಭವಾಗುತ್ತಿತ್ತು.

ಅವರು ಬರುವ ಮೊದಲು ಬಾಬ್ ಕೌಸಿ, ಬಿಲ್ ಶರ್ಮನ್, ಎಡ್ ಮೆಕಾಲೆ ಅವರಂತಹವರಿದ್ದರೂ ತಂಡ ಒಮ್ಮೆಯೂ ಫೈನಲ್ಸ್ ತಲುಪಿರಲಿಲ್ಲ. 1956ರಲ್ಲಿ ಕೋಚ್ ರೆಡ್ ಔರ್‌ಬ್ಯಾಕ್ ಇದೇ ಮೆಕಾಲೆ ಮತ್ತು ಕ್ಲಿಫ್ ಹೇಗನ್ ಅವರನ್ನು ಸೇಂಟ್ ಲೂಯಿಸ್ ತಂಡಕ್ಕೆ ಬಿಟ್ಟುಕೊಟ್ಟು, ರಸೆಲ್ ಅವರನ್ನು ಪಡೆಯುವ ಹಕ್ಕನ್ನು ಗಳಿಸಿದರು. ಅಲ್ಲಿಂದ ಹದಿಮೂರು ಋತುಗಳಲ್ಲಿ ಹನ್ನೊಂದು ಪಟ್ಟಗಳು ಬಂದವು. ಕೊನೆಯ ಎರಡನ್ನು, 1968 ಮತ್ತು 1969ರಲ್ಲಿ, ಅವರೇ ಆಟಗಾರರಾಗಿಯೂ ಕೋಚ್ ಆಗಿಯೂ ಗೆದ್ದುಕೊಟ್ಟರು. ಏಳು ಪಂದ್ಯಗಳ ಸರಣಿಯ ನಿರ್ಣಾಯಕ ಏಳನೇ ಪಂದ್ಯವನ್ನು ಅವರು ಹತ್ತು ಬಾರಿ ಆಡಿದ್ದಾರೆ, ಹತ್ತನ್ನೂ ಗೆದ್ದಿದ್ದಾರೆ. ಅವರು ಬಿಟ್ಟುಹೋದ ಮರುವರ್ಷವೇ ತಂಡ 34 ಪಂದ್ಯ ಗೆದ್ದು 48ರಲ್ಲಿ ಸೋತು, ಪ್ಲೇ-ಆಫ್‌ಗೂ ಅರ್ಹತೆ ಪಡೆಯಲಿಲ್ಲ. ಒಬ್ಬ ಆಟಗಾರನ ತೂಕವನ್ನು ತಿಳಿಯಲು ಇದಕ್ಕಿಂತ ಬೇರೆ ತಕ್ಕಡಿ ಬೇಕೆಂದು ನನಗೆ ಅನಿಸುವುದಿಲ್ಲ.

ಎಂಟು ತಂಡಗಳ ವಾದದಲ್ಲಿ ಅರ್ಧ ಸತ್ಯವಿದೆ. ಆರಂಭದ ವರ್ಷಗಳಲ್ಲಿ ಎರಡು ಸರಣಿ ಗೆದ್ದರೆ ಪಟ್ಟ ಕೈಸೇರುತ್ತಿತ್ತು, ನಿಜ. ಆದರೆ ತಂಡಗಳು ಕಡಿಮೆ ಇದ್ದುದರಿಂದಲೇ ಪ್ರತಿಯೊಂದು ತಂಡದಲ್ಲೂ ಪ್ರತಿಭೆ ಒತ್ತಾಗಿ ತುಂಬಿತ್ತು, ವಿಲ್ಟ್ ಚೇಂಬರ್ಲೇನ್ ಅವರಂತಹ, ಬುಟ್ಟಿಯ ಬಳಿ ನಿಂತು ಆಡುವ ಸೆಂಟರ್‌ ಆಟಗಾರರನ್ನು ರಸೆಲ್ ಮತ್ತೆ ಮತ್ತೆ ಎದುರಿಸಬೇಕಿತ್ತು. ಅಲ್ಲದೆ 1969ರಲ್ಲಿ ಲೀಗ್ ಹದಿನಾಲ್ಕು ತಂಡಗಳಿಗೆ ಬೆಳೆದಿತ್ತು. ಪೂರ್ವ ವಿಭಾಗದಲ್ಲಿ ನಾಲ್ಕನೆಯ ಸ್ಥಾನದಲ್ಲಿದ್ದ ತಂಡವನ್ನು ಅವರು ಮೂರು ಸರಣಿಗಳ ಮೂಲಕ ದಾಟಿಸಿ, ಲಾಸ್ ಏಂಜಲೀಸ್‌ನಲ್ಲಿಯೇ ಲೇಕರ್ಸ್ ವಿರುದ್ಧ ಏಳನೇ ಪಂದ್ಯವನ್ನು 108-106ರಿಂದ ಗೆಲ್ಲಿಸಿದರು.

ಆರನೇ ಆಟಗಾರ:
ರಸೆಲ್ ಅವರ ವಿಷಯದಲ್ಲಿ ನನ್ನ ತಕರಾರಿಲ್ಲ. ಎರಡನೆಯ ಸ್ಥಾನ ಜಾನ್ ಹ್ಯಾವ್ಲಿಚೆಕ್ ಅವರದು. ಎಲ್ಲರೂ ಬರ್ಡ್ ಹೆಸರನ್ನು ಹೇಳುವುದು ಬರ್ಡ್ ಅವರ ಪಂದ್ಯಗಳು ಟಿವಿಯಲ್ಲಿ ಚೆನ್ನಾಗಿ ದಾಖಲಾಗಿರುವುದರಿಂದ ಎಂದು ನನ್ನ ಗುಮಾನಿ.

ಹ್ಯಾವ್ಲಿಚೆಕ್ ಗಳಿಸಿದ 26,395 ಅಂಕಗಳು ಇಂದಿಗೂ ತಂಡದ ದಾಖಲೆ. ಅವರ ಎಂಟು ಪಟ್ಟಗಳಲ್ಲಿ ಆರು ರಸೆಲ್ ಜೊತೆಗೆ ಬಂದವು, ಆದರೆ 1974 ಮತ್ತು 1976ರವು ರಸೆಲ್ ಹೋದ ಮೇಲಿನವು. ತಂಡ ನೆಲಕಚ್ಚಿದ್ದನ್ನೂ ಮತ್ತೆ ಎದ್ದುದನ್ನೂ ಒಳಗಿನಿಂದ ಕಂಡು, ಎರಡೂ ಕಾಲಗಳನ್ನು ಬೆಸೆದವರು ಅವರು. 1974ರಲ್ಲಿ ಕರೀಮ್ ಅಬ್ದುಲ್-ಜಬ್ಬಾರ್ ಇದ್ದ ಮಿಲ್ವಾಕೀ ತಂಡವನ್ನು ಮಣಿಸಿ ಫೈನಲ್ಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು. ಎರಡು ವರ್ಷಗಳ ನಂತರ ಫೀನಿಕ್ಸ್ ವಿರುದ್ಧ ಮೂರು ಹೆಚ್ಚುವರಿ ಅವಧಿಗಳವರೆಗೆ ಎಳೆದುಕೊಂಡು ಹೋದ ಐದನೇ ಪಂದ್ಯವನ್ನು ಪಾದದ ನೋವಿನಲ್ಲಿಯೇ ಆಡಿದರು. ಇಂತಹ ಆಟಗಾರ ತಮ್ಮ ಮೊದಲ ವರ್ಷಗಳಲ್ಲಿ ಬೆಂಚಿನಿಂದ ಎದ್ದುಬರುವ ಆರನೆಯವರಾಗಿರಲು ಒಪ್ಪಿದ್ದರು ಎಂಬುದನ್ನು ಗಮನಿಸಿ. ಒಟ್ಟು 1,270 ಪಂದ್ಯಗಳು ಅವರವು, ಬರ್ಡ್ ಅವರವು 897.

ಮೂವತ್ತಮೂರು:
ಪಂದ್ಯಗಳ ಸಂಖ್ಯೆಯಿಂದ ಶ್ರೇಷ್ಠತೆಯನ್ನು ತೀರ್ಮಾನಿಸುವುದಾದರೆ ಬೆನ್ನುನೋವನ್ನೇ ಬರ್ಡ್ ಅವರ ಅಪರಾಧವೆಂದು ಬರೆದಂತಾಗುತ್ತದೆ. ಅವರು ಬರುವ ಹಿಂದಿನ ಋತುವಿನಲ್ಲಿ, 1978-79ರಲ್ಲಿ, ತಂಡ ಗೆದ್ದದ್ದು 29 ಪಂದ್ಯ. ಅವರು ಬಂದ ಮೊದಲ ಋತುವಿನಲ್ಲಿಯೇ ಅದು 61ಕ್ಕೆ ಏರಿತು. ಬಿಲ್ ಫಿಚ್ ಹೊಸ ಕೋಚ್ ಆಗಿ ಬಂದದ್ದೂ ಅದೇ ವರ್ಷ ಎಂಬುದನ್ನು ನಾನು ಮರೆಮಾಚುವುದಿಲ್ಲ. ಆದರೆ ಕೆವಿನ್ ಮೆಕ್‌ಹೇಲ್ ಮತ್ತು ರಾಬರ್ಟ್ ಪ್ಯಾರಿಷ್ ಸೇರಿಕೊಂಡದ್ದು 1980ರಲ್ಲಿ, ಅಂದರೆ ಆ ಏರಿಕೆ ಅವರಿಬ್ಬರ ಬಲವಿಲ್ಲದೆ ಆದದ್ದು. 1984ರಿಂದ 1986ರವರೆಗೆ ಸತತವಾಗಿ ಮೂರು ಬಾರಿ ಅವರು ಲೀಗ್‌ನ ಎಂವಿಪಿ (ಋತುವಿನ ಶ್ರೇಷ್ಠ ಆಟಗಾರ) ಆದರು. ಹಾಗೆ ಸತತ ಮೂರು ಬಾರಿ ಗೆದ್ದವರು ಅವರಿಗಿಂತ ಮೊದಲು ರಸೆಲ್ ಮತ್ತು ಚೇಂಬರ್ಲೇನ್ ಮಾತ್ರ. ಹ್ಯಾವ್ಲಿಚೆಕ್ ಅವರಿಗೆ ಆ ಪ್ರಶಸ್ತಿ ಒಮ್ಮೆಯೂ ಸಿಗಲಿಲ್ಲ.

1965ರಲ್ಲಿ ಫಿಲಡೆಲ್ಫಿಯಾ ವಿರುದ್ಧ ಹ್ಯಾವ್ಲಿಚೆಕ್ ಚೆಂಡು ಕಸಿದದ್ದನ್ನು ನೀವು ಹೇಳದೆ ಬಿಟ್ಟದ್ದು ಆಶ್ಚರ್ಯ. ಬಹುಶಃ ಹೇಳಿದ್ದರೆ ನಾನು 1987ರಲ್ಲಿ ಡೆಟ್ರಾಯಿಟ್ ವಿರುದ್ಧದ ಪಂದ್ಯವನ್ನು ನೆನಪಿಸುತ್ತೇನೆಂದು ತಿಳಿದಿರಬೇಕು. ಒಂದು ಅಂಕದಿಂದ ಹಿಂದಿದ್ದಾಗ ಐಸೇಯ ಥಾಮಸ್ ಒಳಗೆಸೆದ ಚೆಂಡನ್ನು ಕಸಿದ ಬರ್ಡ್, ಗೆರೆಯಾಚೆ ಬೀಳುವ ಮೊದಲೇ ಡೆನಿಸ್ ಜಾನ್ಸನ್ ಬುಟ್ಟಿಯತ್ತ ಓಡುತ್ತಿರುವುದನ್ನು ಕಂಡು ಪಾಸ್ ಕೊಟ್ಟರು. ಎರಡೂ ಕಸಿತಗಳೇ, ಆದರೆ ಕಸಿದ ಮೇಲೆ ಏನು ಮಾಡಬೇಕೆಂದು ಅಷ್ಟು ಬೇಗ ಕಂಡುಕೊಂಡ ಕಣ್ಣು ಬರ್ಡ್ ಅವರದು.

ಹಿಂಬದಿ ಪಾಸ್:
ಇಷ್ಟೆಲ್ಲ ಮಾತಿನ ನಡುವೆ ಕೌಸಿ ಅವರ ಹೆಸರು ರಸೆಲ್ ಅವರ ಪೀಠಿಕೆಯಾಗಿ ಮಾತ್ರ ಬಂದಿದೆ. ಆರು ಪಟ್ಟ, 1957ರ ಎಂವಿಪಿ ಮತ್ತು ಸತತ ಎಂಟು ಋತುಗಳಲ್ಲಿ ಅಸಿಸ್ಟ್‌ಗಳ ಮೊದಲ ಸ್ಥಾನ ಅವರದು. ಔರ್‌ಬ್ಯಾಕ್ ಅವರಿಗೆ ಇವರು ಬೇಡವಾಗಿದ್ದರು. ಮುಚ್ಚಿಹೋದ ಷಿಕಾಗೋ ತಂಡದ ಆಟಗಾರರನ್ನು ಹಂಚಿಕೊಳ್ಳುವಾಗ ಟೋಪಿಯೊಳಗಿನ ಚೀಟಿಯಲ್ಲಿ ಬಂದವರು. ಅವರಿಗೆ ನಾಲ್ಕನೆಯ ಸ್ಥಾನವನ್ನಾದರೂ ಕೊಡಿ.

ಹದಿನೇಳನೆಯ ಪತಾಕೆ:
ಎಲ್ಲರಿಗೂ ಧನ್ಯವಾದಗಳು. ಬ್ಲಾಕ್‌ಗಳ ಲೆಕ್ಕವೇ ಇರಲಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ; ಅದನ್ನು ಓದಿದ ಮೇಲೆ ರಸೆಲ್ ಬಗೆಗಿನ ಆಕ್ಷೇಪವನ್ನು ಹಿಂತೆಗೆದುಕೊಂಡಿದ್ದೇನೆ. ಸದ್ಯಕ್ಕೆ ನನ್ನ ಕ್ರಮ ರಸೆಲ್, ಬರ್ಡ್, ಹ್ಯಾವ್ಲಿಚೆಕ್, ಕೌಸಿ, ಪಿಯರ್ಸ್. ಕೇವಲ 24 ಪಂದ್ಯ ಗೆದ್ದ 2006-07ರಂತಹ ಋತುವಿನ ನಂತರವೂ ಪಿಯರ್ಸ್ ತಂಡದಲ್ಲಿಯೇ ಉಳಿದದ್ದಕ್ಕೆ ಐದನೆಯ ಸ್ಥಾನ ನ್ಯಾಯವೆಂದು ಭಾವಿಸುತ್ತೇನೆ.

ಹಳೆಯ ಗಾರ್ಡನ್:
ನಿಮ್ಮ ಐವರಲ್ಲಿ ಸ್ಯಾಮ್ ಜೋನ್ಸ್ ಇಲ್ಲ, ನಮ್ಮಲ್ಲಿ ಯಾರೂ ಅವರನ್ನು ನೆನೆಯಲೂ ಇಲ್ಲ. ಹನ್ನೆರಡು ಋತುಗಳಲ್ಲಿ ಹತ್ತು ಪಟ್ಟ ಗೆದ್ದ ಅವರಿಗಿಂತ ಹೆಚ್ಚು ಗೆದ್ದವರು ರಸೆಲ್ ಒಬ್ಬರೇ. 1969ರ ಫೈನಲ್ಸ್‌ನ ನಾಲ್ಕನೇ ಪಂದ್ಯದ ಕೊನೆಯಲ್ಲಿ ಕಾಲು ಜಾರುತ್ತಿದ್ದಾಗಲೂ ಜೋನ್ಸ್ ಎಸೆದ ಚೆಂಡು ಬುಟ್ಟಿಗೆ ಬೀಳದೆ ಹೋಗಿದ್ದರೆ, ನಾನು ಹೆಮ್ಮೆಯಿಂದ ವಿವರಿಸಿದ ಏಳನೇ ಪಂದ್ಯ ನಡೆಯುತ್ತಿತ್ತೋ ಇಲ್ಲವೋ. ಜೋನ್ಸ್ ನಿವೃತ್ತರಾದದ್ದೂ ಅದೇ ವರ್ಷ. ಹಾಗಾಗಿ ಮರುವರ್ಷದ 48 ಸೋಲುಗಳನ್ನು ರಸೆಲ್ ಒಬ್ಬರ ಅನುಪಸ್ಥಿತಿಗೆ ಸಾಕ್ಷಿಯಾಗಿ ಮುಂದಿಟ್ಟಿದ್ದು ನನ್ನ ತಪ್ಪು. ಆ ವಾಕ್ಯವನ್ನು ತಿದ್ದಿಕೊಂಡು ಓದಬೇಕಾಗಿ ವಿನಂತಿ.