ಈ ವಾರದ ಸಮಸ್ಯೆ: ‘ಏಳು ಸುತ್ತಿನ ಕೋಟೆ ಇಲಿಗೆ ಸೋತಿತ್ತು’

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ):
ಬಳಗಕ್ಕೆ ನಮಸ್ಕಾರ. ಸಾಲು ಮೇಲಿದೆ. ಐದು ಮಾತ್ರೆಯ ಗಣ, ಚೌಪದಿ. ಎರಡನೇ ಅಕ್ಷರ ‘ಳ’ ಪ್ರಾಸ. ನಾಲ್ಕನೇ ಸಾಲು ಕೊಟ್ಟಿದ್ದೀನಿ, ಮೊದಲ ಮೂರು ಬರೆದು ಪೂರಣ ಮಾಡೋದು ನಿಮ್ಮ ಕೆಲಸ. ‘ಕೋಟೆ ಇಲಿಗೆ’ ವಿಸಂಧಿ, ಸ್ವರದ ಮುಂದೆ ಸ್ವರ ಬಂದರೂ ಸಂಧಿ ಮಾಡಿಲ್ಲ ಅಂತ ಯಾರೂ ಗಲಾಟೆ ಎಬ್ಬಿಸಬೇಡಿ. ಚೌಪದಿಯಲ್ಲಿ ಅಷ್ಟು ಸಡಿಲ ಇರಲಿ.

ಮಂಡಕ್ಕಿ ಮೇಷ್ಟ್ರು (ದಾವಣಗೆರೆ):
ಬೋಣಿ ನನ್ನದೇ.

ಜೋಳ ರಾಗಿಯ ಕಣಜ ತುಂಬಿಸಿದ ನಾಯಕನು
ತಾಳಿದನು ಮುತ್ತಿಗೆಯ ಬೆಚ್ಚದೆಯೆ ನಿಂತು
ಕಾಳಿರದೆ ಬರಿ ಹೊಟ್ಟು ಕಂಡ ದಿನ ಶರಣೆಂದ
ಏಳು ಸುತ್ತಿನ ಕೋಟೆ ಇಲಿಗೆ ಸೋತಿತ್ತು

ಜೋಗಿಮಟ್ಟಿ ಗಾಳಿ:
ಮೇಷ್ಟ್ರೇ, ಚೆನ್ನಾಗಿದೆ. ಇಲಿ ಹೆಸರೇ ಎತ್ತದೆ ಹೊಟ್ಟು ತೋರಿಸಿ ಮುಗಿಸಿದ್ದೀರಿ. ಆದರೆ ಈ ಕತೆ ನಮ್ಮ ಮೇಲುದುರ್ಗಕ್ಕೆ, ಅಂದರೆ ಚಿತ್ರದುರ್ಗದ ಬೆಟ್ಟದ ಮೇಲಿನ ಕೋಟೆಗೆ, ಹೊರಿಸಬೇಡಿ. ಇಲ್ಲಿ ಕಣಜ ಇತ್ತು, ಎಣ್ಣೆಗೊಂದು ಕೊಳ, ತುಪ್ಪಕ್ಕೊಂದು ಕೊಳ ಇತ್ತು. 1779ರಲ್ಲಿ ಹೈದರಾಲಿ ಕೈಗೆ ಕೋಟೆ ಹೋಗಿದ್ದಕ್ಕೆ ಇಲಿಗಳನ್ನ ಬೈದವರಿಲ್ಲ.

ಮಂಡಕ್ಕಿ ಮೇಷ್ಟ್ರು:
ದುರ್ಗದ ಹೆಸರೇ ಹೇಳಿಲ್ಲವಲ್ಲ ಸರ್! ನನ್ನ ಕಣ್ಣೆದುರಿಗೆ ಇದ್ದದ್ದು ನಮ್ಮೂರಿನ ಮಂಡಕ್ಕಿ ಮೂಟೆಗಳ ಸಾಲು.

ಹೊಸ ಹುಡುಗ:
ಪೂರ್ತಿ ಆಗಿಲ್ಲ, ಒಂದು ಸಾಲು ಹಾಕ್ತೀನಿ. ನೋಡಿ ಹೇಳಿ.

ತಾಳ ತಪ್ಪಿದ ಕಾಲು ಕೊತ್ತಲಕೆ ಜಾರಿರಲು

ಜೋಗಿಮಟ್ಟಿ ಗಾಳಿ:
ತಮ್ಮಾ, ಕೊತ್ತಲಕ್ಕೆ ಯಾರೂ ಜಾರಲ್ಲ. ಹತ್ತಬೇಕು! ಗೋಡೆಯಿಂದ ಮುಂದಕ್ಕೆ ಉಬ್ಬಿಕೊಂಡು ಎದ್ದು ನಿಂತಿರುತ್ತಲ್ಲ, ಅದು ಕೊತ್ತಲ. ಬುರುಜು ಅಂತಲೂ ಅಂತಾರೆ. ಅದರ ಮೇಲೆ ತೋಪು ಕೂರಿಸಿದರೆ ನಮ್ಮ ಕಡೆ ಬತೇರಿ. ಜಾರಿ ಬೀಳೋದಕ್ಕೆ ಇರೋದು ಗೋಡೆಯ ಹೊರಗೆ ತೋಡಿದ ಕಂದಕ. ಹಳಬರು ಅಗಳು ಅಂತಿದ್ದರು. ‘ಕೋಟೆ ಕೊತ್ತಲ’ ಅಂತ ಜೋಡಿಯಾಗಿ ಕೇಳಿ ಕೇಳಿ ಎಷ್ಟೋ ಜನಕ್ಕೆ ಎರಡನೆಯದು ಸುಮ್ನೆ ಬಾಲ ಅನಿಸಿಬಿಟ್ಟಿದೆ. ಗಂಟು ಮೂಟೆ ಇದ್ದ ಹಾಗೆ. ‘ಕಂದಕಕೆ ಜಾರಿರಲು’ ಅಂತ ಮಾಡು, ಮಾತ್ರೆಯೂ ಕೆಡಲ್ಲ.

ಹೊಸ ಹುಡುಗ:
ಸರಿ ಗುರುಗಳೇ. ಹಾಗಾದ್ರೆ ದುರ್ಗ, ಕೋಟೆ ಎರಡೂ ಒಂದೇ ಅಲ್ವಾ?

ಚಂದ್ರವಳ್ಳಿ ಅಕ್ಕ:
ದುರ್ಗದಲ್ಲಿ ಹುಟ್ಟಿದವಳು ನಾನು, ಇದಕ್ಕೆ ನಾನೇ ಹೇಳ್ತೀನಿ. ದುರ್ಗ ಅಂದರೆ ಹೋಗೋಕೆ ಕಷ್ಟವಾದ ಜಾಗ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೀರು, ಬೆಟ್ಟ, ಮರುಭೂಮಿ, ಕಾಡು ಅಂತ ನಾಲ್ಕು ಬಗೆಯ ದುರ್ಗ ಬರುತ್ತೆ. ಕಾಡೇ ಅಡ್ಡ ನಿಂತರೆ ಅದೇ ದುರ್ಗ. ಕೋಟೆ ಹಾಗಲ್ಲ, ಯಾರಾದರೂ ಕಟ್ಟಲೇಬೇಕು. ನಮ್ಮೂರಲ್ಲಿ ಬೆಟ್ಟವೂ ಇತ್ತು, ಕಟ್ಟುವವರೂ ಇದ್ದರು. ಅದಕ್ಕೇ ಊರಿಗೆ ದುರ್ಗ ಅಂತೀವಿ, ನೆಂಟರು ಬಂದರೆ ಕೋಟೆ ತೋರಿಸೋಕೆ ಕರ್ಕೊಂಡು ಹೋಗ್ತೀವಿ.

ಈಗ ನನ್ನ ಪೂರಣ. ನಗಬೇಡಿ.

ಬೇಳೆ ಅಕ್ಕಿಯ ಬೀಸಿ ಎಣ್ಣೆಯಲಿ ಕರಿದಿಟ್ಟೆ
ನಾಳೆ ಹಬ್ಬಕ್ಕೆಂದು ಬುಟ್ಟಿಯಲಿ ಮುಚ್ಚಿ
ಹೋಳು ಚೂರುಗಳುಳಿದು ಚಕ್ಕುಲಿಯೆ ಕಾಣಿಸದು
ಏಳು ಸುತ್ತಿನ ಕೋಟೆ ಇಲಿಗೆ ಸೋತಿತ್ತು

ಮಂಡಕ್ಕಿ ಮೇಷ್ಟ್ರು:
ಅಕ್ಕಾ! ಚಕ್ಕುಲಿಗೆ ಏಳು ಸುತ್ತು! ನಾನು ಸೋತೆ.

ಹೊಂಡದ ಮೀನು:
ಇವತ್ತಿನ ಪೇಪರ್ ನೋಡಿ, ಯುದ್ಧ ಇನ್ನೂ ಮುಗಿದಿಲ್ಲ. ಚುನಾವಣೆ ಬಂದರೆ ಪ್ರತಿ ಕ್ಷೇತ್ರವೂ ಯಾರದೋ ಭದ್ರಕೋಟೆ. ಡಿಸಿ ಕಚೇರಿಗೆ ರೈತರ ಮುತ್ತಿಗೆ. ಮಾರುಕಟ್ಟೆಗೆ ಮಾವಿನಹಣ್ಣಿನ ಲಗ್ಗೆ. ಲಗ್ಗೆ ಹಾಕೋ ಮಾವಿನಹಣ್ಣಿಗೆ ಏಣಿ ಯಾರು ಕೊಟ್ಟರೋ! ನನ್ನದು ಇಲ್ಲಿದೆ.

ಆಳು ಊಟಕೆ ಹೋದ ಹೊತ್ತು ಕಿಂಡಿಯ ಬಳಿಗೆ
ನೀಳ ಒನಕೆಯ ಹಿಡಿದು ನಿಲ್ಲದಿರಲವ್ವ
ಸೀಳಿನಲಿ ನುಸುಳಿ ಬರೆ ಒಬ್ಬೊಬ್ಬನೇ ವೈರಿ
ಏಳು ಸುತ್ತಿನ ಕೋಟೆ ಇಲಿಗೆ ಸೋತಿತ್ತು

ಹೊಸ ಹುಡುಗ:
ಓಬವ್ವ ಇದ್ದಳಲ್ಲ, ಕೋಟೆ ಅವತ್ತು ಸೋಲಲಿಲ್ಲ. ಸಾಲು ಸುಳ್ಳಾಗಲ್ವಾ?

ಜೋಗಿಮಟ್ಟಿ ಗಾಳಿ:
ಇನ್ನೊಂದು ಸಲ ಓದು. ‘ನಿಲ್ಲದಿರಲವ್ವ’. ಅವ್ವ ನಿಲ್ಲದೆ ಇದ್ದಿದ್ದರೆ ಸೋತಿತ್ತು! ‘ನೀನು ಬರದಿದ್ದರೆ ನನ್ನ ಕತೆ ಮುಗಿದಿತ್ತು’ ಅಂತೀವಲ್ಲ, ಅದೇ ‘ಇತ್ತು’. ಉಳಿದ ಎರಡು ಪೂರಣಗಳಲ್ಲಿ ಕೋಟೆ ಸೋತಿದೆ. ಇಲ್ಲಿ ಒಂದು ಅಕ್ಷರ ಬದಲಾಗದೆ ಗೆದ್ದಿದೆ. ಇಲಿ ಯಾರು ಅಂತಲೂ ಬಿಡಿಸಿ ಹೇಳಿಲ್ಲ, ಬಿಲದಂಥ ಸೀಳಲ್ಲಿ ನುಸುಳಿದವನೇ ಇಲಿ. ಓಬವ್ವನ ಕಿಂಡಿ ಹತ್ತಿರ ಹೋಗಿ ನೋಡಿ. ಎರಡು ಬಂಡೆ ನಡುವೆ ಮೈ ಓರೆ ಮಾಡಿಕೊಂಡೇ ತೂರಬೇಕು. ತಲೆ ಮೊದಲು ಬರುತ್ತೆ, ಅದಕ್ಕೇ ಒನಕೆ ಸಾಕಾಯ್ತು. ಇನ್ನೊಂದು ಮಾತು. ‘ಬಾಗಿಲ ಬಳಿಗೆ’ ಅಂದಿದ್ದರೂ ಛಂದಸ್ಸು ಕೂರುತ್ತಿತ್ತು, ಆದರೆ ಪದ್ಯ ಸಾಯುತ್ತಿತ್ತು. ಬಾಗಿಲಿಗೆ ಪಹರೆ ಇರುತ್ತೆ, ದಂಡೇ ಬರುತ್ತೆ. ಒಬ್ಬೊಬ್ಬನೇ ಬರೋದು ಕಿಂಡಿಗೆ ಮಾತ್ರ.

ಈ ವಾರದ ಗೆಲುವು ಹೊಂಡದ ಮೀನಿಗೆ. ಚಂದ್ರವಳ್ಳಿ ಅಕ್ಕನಿಗೆ ಎರಡನೇ ಸ್ಥಾನ.

ಚಂದ್ರವಳ್ಳಿ ಅಕ್ಕ:
ಓಬವ್ವನ ಕೈಲಿ ಸೋತರೆ ನನಗೇನೂ ಬೇಜಾರಿಲ್ಲ.

ಜೋಗಿಮಟ್ಟಿ ಗಾಳಿ:
ಮುಂದಿನ ಸಮಸ್ಯೆ, ಅದೇ ಛಂದಸ್ಸು, ‘ಟ’ ಪ್ರಾಸ:

ಕೋಟೆಯೊಳಗಿಹ ದೊರೆಗೆ ಕೋಟೆ ಸಿಗಲಿಲ್ಲ

ಈ ಸಲ ಒಂದು ಷರತ್ತು. ಅಗಳು, ಕೊತ್ತಲ, ಬತೇರಿ, ದಿಡ್ಡಿ ಬಾಗಿಲು (ಕೋಟೆಯ ಚಿಕ್ಕ ಬಾಗಿಲು), ಇವುಗಳಲ್ಲಿ ಒಂದಾದರೂ ಪದ್ಯದಲ್ಲಿ ಇರಬೇಕು, ಅದರದೇ ಜಾಗದಲ್ಲಿ. ಶನಿವಾರ ರಾತ್ರಿಯೊಳಗೆ ಹಾಕಿ.

ಮಂಡಕ್ಕಿ ಮೇಷ್ಟ್ರು:
ಊಟ, ಮೂಟೆ, ಪೇಟೆ, ಬೇಟೆ. ಪ್ರಾಸಕ್ಕೆ ಬರ ಇಲ್ಲ ಬಿಡಿ. ದಿಡ್ಡಿ ಬಾಗಿಲು ನನಗೆ ಕಾಯ್ದಿರಿಸಿ, ಯಾರೂ ಮುಟ್ಟಬೇಡಿ.