ಅಪ್‌ಡೇಟ್: ಬೆಟ್ಟಕ್ಕೂ ಕಡಲ ದಂಡೆಗೂ ಒಂದೇ ಸ್ನೋಶೂ ಸಾಕೇ?

ಚಳಿಗಾಲದ ಚಾರಣಕ್ಕೆ ಬೆಟ್ಟದಲ್ಲೂ ಕಡಲ ದಂಡೆಯಲ್ಲೂ ಒಂದೇ ಜೊತೆ ಸ್ನೋಶೂ (ಹಿಮದಲ್ಲಿ ಕಾಲು ಹೂಳದಂತೆ ಬೂಟಿನಡಿ ಕಟ್ಟಿಕೊಳ್ಳುವ ಅಗಲ ತಳದ ಸಾಧನ) ಸಾಕಾಗುತ್ತದೆಯೇ ಎಂದು ಹಿಂದೆ ಕೇಳಿದ್ದೆ. ನಿಮ್ಮ ಸಲಹೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡೂ ಕಡೆ ನಡೆದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಬೆಟ್ಟದ ಹೊಸ ಹಿಮದಲ್ಲಿ ಬರೀ ಬೂಟಿನ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ. ಸ್ನೋಶೂ ಕಟ್ಟಿಕೊಂಡರೆ ಭಾರ ಅಗಲವಾದ ತಳದ ಮೇಲೆ ಹರಡುವುದರಿಂದ ಕೆಲವೇ ಬೆರಳಿನಷ್ಟು ಇಳಿದು ನಿಲ್ಲುತ್ತದೆ. ಕಡಿದಾದ ಏರಿನಲ್ಲಿ ಹಿಮ್ಮಡಿಯ ಕೆಳಗಿನ ಕಂಬಿಯನ್ನು ಎತ್ತಿ ನಿಲ್ಲಿಸಿದರೆ ಮೀನಖಂಡದ ಸೆಳೆತ ತಗ್ಗುತ್ತದೆ ಎಂದು ತಿಳಿಸಿದವರಿಗೆ ನಾನು ವಿಶೇಷವಾಗಿ ಋಣಿ. ಆದರೆ ಇಳಿಜಾರನ್ನು ಅಡ್ಡ ಹಾಯುವಾಗ ಅದೇ ಅಗಲ ತಳ ತೊಡಕಾಗುತ್ತದೆ. ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲೇ ಸಂಭವಿಸುವುದರಿಂದ, ಆ ದಿನದ ಮುನ್ನೆಚ್ಚರಿಕೆಯನ್ನು ಓದದೆ ಅಂತಹ ಜಾಗಕ್ಕೆ ಯಾರೂ ಹೋಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ದಂಡೆಯ ಕಥೆಯೇ ಬೇರೆ. ಅಲೆಗಳ ತುಂತುರು ಬಂಡೆಗಳ ಮೇಲೆ ಹೆಪ್ಪುಗಟ್ಟಿ ಗಾಜಿನಂತಹ ಪದರವಾಗಿರುತ್ತದೆ. ಅದರ ಮೇಲೆ ಸ್ನೋಶೂಗಿಂತ ಬೂಟಿಗೆ ತೊಡಿಸುವ ಉಕ್ಕಿನ ಮುಳ್ಳುಗಳೇ ಹೆಚ್ಚು ಭದ್ರ. ಗಾಳಿ ಹಿಮವನ್ನು ಗುಡಿಸಿಕೊಂಡು ಹೋಗುವ ಕಡೆ ನೆಲವೇ ಬರಿದಾಗಿರುತ್ತದೆ, ಅಲ್ಲಿ ಸ್ನೋಶೂ ಬೆನ್ನಿನ ಚೀಲಕ್ಕೆ ಹೊರೆ. ಉಬ್ಬರದ ವೇಳಾಪಟ್ಟಿಯನ್ನು ನೋಡಿಕೊಳ್ಳುವುದಂತೂ ಅನಿವಾರ್ಯ, ಏಕೆಂದರೆ ಹೋಗುವಾಗ ತೆರೆದಿದ್ದ ಬಂಡೆಯಂಚಿನ ದಾರಿ ಮರಳುವ ವೇಳೆಗೆ ನೀರಿನಡಿ ಇರಬಹುದು. ತೇವದ ಗಾಳಿಯಲ್ಲಿ ಹತ್ತಿಬಟ್ಟೆ ಒದ್ದೆಯಾದರೆ ಮೈಬಿಸಿಯನ್ನು ಬೇಗ ಕಳೆಯುವುದರಿಂದ ಒಳಗೆ ಉಣ್ಣೆಯನ್ನೇ ತೊಡಿ.

ಹಾಗಾಗಿ ಈಗ ಸ್ನೋಶೂ, ಉಕ್ಕಿನ ಮುಳ್ಳು ಎರಡನ್ನೂ ಇಟ್ಟುಕೊಂಡಿದ್ದೇನೆ, ಹೊರಡುವ ದಿನದ ಹಿಮವನ್ನು ನೋಡಿ ಆರಿಸಿಕೊಳ್ಳುತ್ತೇನೆ.